ಚಿಗುರುವ ನರಕೋಶ, ಬಾಡುವ ನರಕೋಶ

ಬೀದರ್ ನಗರದ ಬಿದರಿ ಕುಶಲಕರ್ಮಿಗಳ ಕೆಲಸದ ಕೊನೆಯ ಹಂತದಲ್ಲಿ ಕೋಟೆಯ ಮಣ್ಣು ಬೇಕು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯ ಮೇಲೆ ಚಿತ್ತಾರ ಕೊರೆಯುತ್ತಾರೆ. ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿ ಕೂಡಿಸುತ್ತಾರೆ. ನವಸಾಗರ ಬೆರೆಸಿದ ಮಣ್ಣಿನ ದ್ರಾವಣ ತಾಗಿದೊಡನೆ ಲೋಹದ ಮೈಯೆಲ್ಲ ಕಪ್ಪಾಗುತ್ತದೆ, ಬೆಳ್ಳಿಯ ಬಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಅದುವರೆಗೆ ಒಂದೇ ಬಣ್ಣದಲ್ಲಿ ಕಲಸಿಹೋಗಿದ್ದ ಚಿತ್ತಾರ ಆಗ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ.

ಮಿದುಳಿನ ವಿಜ್ಞಾನದ ಚರಿತ್ರೆ ಆರಂಭವಾದುದೂ ಬೆಳ್ಳಿಯ ಇಂಥದೇ ಒಂದು ಉಪಯೋಗದಿಂದ. ಅಲ್ಲಿ ಬಣ್ಣ ಮಾತ್ರ ಅದಲುಬದಲು. ಹಿನ್ನೆಲೆ ತಿಳಿ ಹಳದಿಯಾಗಿ ಉಳಿದು, ಬೆಳ್ಳಿ ಸೇರಿದ ನರಕೋಶ ಕಪ್ಪಾಗುತ್ತದೆ. 1873ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಜಿ ಕಂಡುಹಿಡಿದ ಈ ವಿಧಾನವನ್ನೇ ಬಳಸಿ ಬೆಂಗಳೂರಿನ ವಿಜ್ಞಾನಿಗಳು, ನೂರಕ್ಕೂ ಹೆಚ್ಚು ವರ್ಷಗಳ ನಂತರ, ಒಂದು ಮಹತ್ವದ ಸಂಗತಿಯನ್ನು ತೋರಿಸಿಕೊಟ್ಟರು. ಸಂತೋಷದ ಅನುಭವ ನರಕೋಶದ ಕೊಂಬೆಗಳನ್ನು ಬೆಳೆಸುತ್ತದೆ. ಭಯ ಒಂದು ಕಡೆಯ ಕೊಂಬೆಗಳನ್ನು ಬಾಡಿಸಿ ಇನ್ನೊಂದು ಕಡೆಯವನ್ನು ಬೆಳೆಸುತ್ತದೆ. ಬೀದರ್, ಭಾಲ್ಕಿ, ಔರಾದ್‌ಗಳಿಂದ ಸುಮಾರು 700 ಕಿಲೋಮೀಟರ್ ದೂರದ ಪ್ರಯೋಗಾಲಯಗಳಲ್ಲಿ ಇಲಿಗಳ ಮೇಲೆ ನಡೆದ ಈ ಕೆಲಸಕ್ಕೂ ಇಲ್ಲಿನ ಅಂಗನವಾಡಿ ಮತ್ತು ಶಾಲೆಗಳಿಗೂ ಸಂಬಂಧವಿದೆ. ಅದನ್ನು ಅರಿಯಲು ಮೊದಲು ನರಕೋಶದ ಕಥೆ ತಿಳಿಯಬೇಕು.

ಅಡುಗೆಮನೆಯ ಪ್ರಯೋಗಾಲಯ

ಗಾಲ್ಜಿ ಅಬ್ಬಿಯಾಟೆಗ್ರಾಸ್ಸೊ ಎಂಬ ಊರಿನಲ್ಲಿ, ವಾಸಿಯಾಗದ ರೋಗಿಗಳ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದರು. ಅಲ್ಲಿನ ಅಡುಗೆಮನೆಯೇ ಅವರ ಪ್ರಯೋಗಾಲಯ. ಮಿದುಳಿನ ತುಣುಕನ್ನು ಪೊಟ್ಯಾಸಿಯಂ ಡೈಕ್ರೋಮೇಟ್‌ನಲ್ಲಿ ನೆನೆಸಿಟ್ಟು, ಆಮೇಲೆ ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿದಾಗ ಕೆಲವೇ ಕೆಲವು ನರಕೋಶಗಳು ಬೇರಿನಿಂದ ತುದಿಯವರೆಗೆ ಕಪ್ಪಾಗುವುದನ್ನು ಅವರು ಕಂಡರು. ಎಲ್ಲ ಕೋಶಗಳೂ ಕಪ್ಪಾಗಿದ್ದರೆ ಏನೂ ಕಾಣುತ್ತಿರಲಿಲ್ಲ, ದಟ್ಟ ಕಾಡಿನಲ್ಲಿ ಒಂದು ಮರವನ್ನು ಬಿಡಿಸಿ ನೋಡಲಾಗದಂತೆ. ಅಲ್ಲೊಂದು ಇಲ್ಲೊಂದು ಕೋಶ ಮಾತ್ರ ಬಣ್ಣ ಹಿಡಿಯುವುದರಿಂದಲೇ ಈ ವಿಧಾನಕ್ಕೆ ಬೆಲೆ ಬಂತು.

1887ರಲ್ಲಿ ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಹಾಲ್ ಈ ಬಣ್ಣದ ತುಣುಕುಗಳನ್ನು ಮೊದಲ ಬಾರಿಗೆ ನೋಡಿದರು. ಅವರು ಮಾಡಿದ ಜಾಣತನವೆಂದರೆ ಬೆಳೆದ ಮಿದುಳಿನ ಬದಲು ಭ್ರೂಣ ಮತ್ತು ಎಳೆಯ ಪ್ರಾಣಿಗಳ ಮಿದುಳನ್ನು ಆರಿಸಿಕೊಂಡದ್ದು. ಬೆಳೆದ ಕಾಡಿಗಿಂತ ಸಸಿಮಡಿಯನ್ನು ಪರೀಕ್ಷಿಸುವುದು ಸುಲಭವಷ್ಟೆ. ಮಿದುಳು ಒಂದಕ್ಕೊಂದು ಬೆಸೆದ ಬಲೆಯಲ್ಲ, ಬಿಡಿಬಿಡಿ ನರಕೋಶಗಳಿಂದ ಆದದ್ದು ಎಂದು ಕಹಾಲ್ ಸಾಧಿಸಿದರು. ಬೆಳೆಯುತ್ತಿರುವ ನರತಂತುವಿನ ತುದಿಯಲ್ಲಿ ದಾರಿ ಹುಡುಕಿಕೊಂಡು ಮುಂದೆ ಸಾಗುವ ಒಂದು ಪುಟ್ಟ ಶಂಕುವನ್ನೂ ಅವರು ಗುರುತಿಸಿದರು. ಗಾಲ್ಜಿ ಕೊನೆಯವರೆಗೂ ಇದನ್ನು ಒಪ್ಪಲಿಲ್ಲ. 1906ರ ನೊಬೆಲ್ ಪ್ರಶಸ್ತಿಯನ್ನು ಇಬ್ಬರಿಗೂ ಹಂಚಿದಾಗ ಇಬ್ಬರೂ ಒಂದೇ ವೇದಿಕೆಯಿಂದ ಪರಸ್ಪರ ವಿರುದ್ಧವಾದ ಮಾತುಗಳನ್ನೇ ಆಡಿದರು. ಕಾಲ ಕಹಾಲ್ ಪರವಾಗಿ ತೀರ್ಪು ಕೊಟ್ಟಿತು.

ನರಕೋಶ ನಿಜಕ್ಕೂ ಒಂದು ಮರದಂತಿದೆ. ಕಾಂಡದಂಥ ಕೋಶಕಾಯ, ಸುತ್ತ ಹರಡಿದ ಡೆಂಡ್ರೈಟ್ ಎಂಬ ಕೊಂಬೆಗಳು, ದೂರಕ್ಕೆ ಸುದ್ದಿ ಒಯ್ಯುವ ಆಕ್ಸಾನ್ ಎಂಬ ಒಂದು ಉದ್ದನೆಯ ತಂತು. ಕೊಂಬೆಗಳ ಮೇಲೆ ಮುಳ್ಳಿನಂಥ ಸಣ್ಣ ಉಬ್ಬುಗಳಿರುತ್ತವೆ. ಬೇರೆ ನರಕೋಶಗಳ ಸುದ್ದಿ ಬಂದು ಮುಟ್ಟುವುದು ಹೆಚ್ಚಾಗಿ ಇಲ್ಲಿಯೇ. ಮನುಷ್ಯನ ಮಿದುಳಿನಲ್ಲಿ ಇಂಥ ನರಕೋಶಗಳು ಸುಮಾರು 8,600 ಕೋಟಿ ಇವೆ ಎಂದು 2009ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಲೆಕ್ಕ ಹಾಕಿದರು. ಕೊಂಬೆ ಹೆಚ್ಚಿದಷ್ಟೂ ಸುದ್ದಿ ಪಡೆಯುವ ಜಾಗ ಹೆಚ್ಚು. ಕೊಂಬೆ ಮೊಟಕಾದರೆ ಸಂಪರ್ಕ ಮೊಟಕು.

ಬೆಳವಣಿಗೆಯ ಗುಟ್ಟು

ನರಕೋಶ ಬೆಳೆಯಲು ಏನು ಬೇಕು? ಈ ಪ್ರಶ್ನೆಗೆ ಮೊದಲ ಖಚಿತ ಉತ್ತರ ಕೊಟ್ಟವರು ಇಟಲಿಯ ರೀಟಾ ಲೆವಿ ಮಾಂಟಲ್ಚಿನಿ. ಯಹೂದಿಯಾದ ಕಾರಣ ಮುಸ್ಸೊಲಿನಿಯ ಕಾನೂನುಗಳು ಅವರನ್ನು ವಿಶ್ವವಿದ್ಯಾಲಯದಿಂದ ಹೊರಗಟ್ಟಿದವು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಅವರು ಟ್ಯೂರಿನ್‌ನ ಮನೆಯ ಮಲಗುವ ಕೋಣೆಯಲ್ಲೇ ಕೋಳಿಮೊಟ್ಟೆಯ ಭ್ರೂಣಗಳ ನರಗಳನ್ನು ಪರೀಕ್ಷಿಸಿದರು. ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ, 1950ರ ದಶಕದಲ್ಲಿ, ನರಗಳು ಬೆಳೆಯುವಂತೆ ಮಾಡುವ ಒಂದು ಪ್ರೋಟೀನನ್ನು ಗುರುತಿಸಿದರು. ಸ್ಟ್ಯಾನ್ಲಿ ಕೊಹೆನ್ ಅದನ್ನು ಬೇರ್ಪಡಿಸಿ ಶುದ್ಧಗೊಳಿಸಿದರು. 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಆದರೆ ಬೆಳವಣಿಗೆ ರಾಸಾಯನಿಕಗಳ ವಿಷಯ ಮಾತ್ರವಲ್ಲ ಎಂಬುದು 1960ರ ದಶಕದಲ್ಲಿ ತಿಳಿಯಿತು. ಅಮೆರಿಕದ ಬರ್ಕ್ಲಿಯಲ್ಲಿ ಮಾರ್ಕ್ ರೋಸೆನ್‌ಜ್ವೀಗ್, ಮರಿಯನ್ ಡೈಮಂಡ್ ಮತ್ತು ಅವರ ಸಂಗಡಿಗರು ಕೆಲವು ಇಲಿಗಳನ್ನು ಒಂಟಿ ಪಂಜರಗಳಲ್ಲಿ, ಇನ್ನು ಕೆಲವನ್ನು ಸಂಗಾತಿಗಳು, ಏಣಿ, ಚಕ್ರ, ಆಟಿಕೆಗಳಿದ್ದ ದೊಡ್ಡ ಪಂಜರಗಳಲ್ಲಿ ಸಾಕಿದರು. ಆಟಿಕೆಗಳ ನಡುವೆ ಬೆಳೆದ ಇಲಿಗಳ ಮಿದುಳಿನ ಹೊರಪದರ ಹೆಚ್ಚು ದಪ್ಪವಾಗಿತ್ತು. ಬೆಳೆದ ಮಿದುಳು ಬದಲಾಗುವುದಿಲ್ಲ ಎಂದು ಅದುವರೆಗೆ ನಂಬಿದ್ದವರಿಗೆ ಇದು ಅಚ್ಚರಿಯ ಸುದ್ದಿಯಾಗಿತ್ತು.

ನಿಮ್ಹಾನ್ಸ್‌ನಲ್ಲಿ

ಬೆಂಗಳೂರಿನ ಸರ್ಕಾರಿ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆಯಿತು. ನಾಡಿನ ಜನರಿಗೆ ಅದು ಆಸ್ಪತ್ರೆಯೆಂದೇ ಪರಿಚಿತ. ಆದರೆ ಅಲ್ಲಿನ ನರಶರೀರಕ್ರಿಯಾ ವಿಭಾಗ ನರಕೋಶಗಳ ಬೆಳವಣಿಗೆಯ ಬಗ್ಗೆ ದಶಕಗಳ ಕಾಲ ಸಂಶೋಧನೆ ನಡೆಸುತ್ತ ಬಂದಿದೆ. ಆ ವಿಭಾಗದ ಮುಖ್ಯಸ್ಥರಾಗಿದ್ದ ಟಿ. ದೇಸಿರಾಜು, ಅವರ ನಂತರದ ತಲೆಮಾರಿನ ಟಿ.ಆರ್. ರಾಜು ಮತ್ತು ಬಿ.ಎಸ್. ಶಂಕರನಾರಾಯಣ ರಾವ್ ಈ ಮೂವರ ಹೆಸರಿನಲ್ಲಿ 1993ರಲ್ಲಿ 'ಬ್ರೈನ್ ರಿಸರ್ಚ್' ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟವಾಯಿತು.

ಅದರ ಹಿನ್ನೆಲೆ ಹೀಗಿದೆ. ಮಿದುಳಿನ ಕೆಲವು ಭಾಗಗಳಿಗೆ ಸೂಕ್ಷ್ಮ ತಂತಿಯ ಮೂಲಕ ಅತಿ ಸಣ್ಣ ವಿದ್ಯುತ್ ಹರಿಸಿದರೆ ಪ್ರಾಣಿಗೆ ಹಿತವೆನಿಸುತ್ತದೆ ಎಂಬುದನ್ನು 1954ರಲ್ಲಿ ಕೆನಡಾದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಕಂಡುಕೊಂಡಿದ್ದರು. ಇಲಿಗೆ ಒಂದು ಸನ್ನೆಯನ್ನು ಕೊಟ್ಟರೆ ಅದು ತಾನೇ ಮತ್ತೆ ಮತ್ತೆ ಒತ್ತಿ ಆ ಹಿತವನ್ನು ಪಡೆಯುತ್ತದೆ. ನಿಮ್ಹಾನ್ಸ್ ತಂಡ ಇಲಿಗಳಿಗೆ ದಿನಕ್ಕೆ ಒಂದು ಗಂಟೆಯಂತೆ ಹತ್ತು ದಿನ ಈ ಅವಕಾಶ ನೀಡಿತು. ಆಮೇಲೆ ಗಾಲ್ಜಿಯ ವಿಧಾನದಲ್ಲಿ ನರಕೋಶಗಳಿಗೆ ಬಣ್ಣ ಹಿಡಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದು ಕೋಶದ ಕೊಂಬೆಗಳನ್ನೂ ಎಣಿಸಿತು. ನೆನಪಿಗೆ ಮುಖ್ಯವಾದ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಮತ್ತು ಚಲನೆಯನ್ನು ನಿಯಂತ್ರಿಸುವ ಹೊರಪದರದಲ್ಲಿ ಕೊಂಬೆಗಳು ಹೆಚ್ಚಾಗಿದ್ದವು. ಇವು ಮರಿಗಳಲ್ಲ, ಬೆಳೆದ ಇಲಿಗಳು. ಕೇವಲ ಹತ್ತು ದಿನಗಳ ಹಿತಾನುಭವ ನರಕೋಶದ ಆಕಾರವನ್ನೇ ಬದಲಿಸಿತ್ತು.

ಇಂಥ ಸಂಶೋಧನೆಯ ಶ್ರಮ ಹೊರಗಿನವರಿಗೆ ಸುಲಭವಾಗಿ ತಿಳಿಯುವುದಿಲ್ಲ. ಕೋಶಕಾಯವನ್ನು ಕೇಂದ್ರವಾಗಿಟ್ಟು ಸುತ್ತ ಸಮಾನ ಅಂತರದಲ್ಲಿ ವೃತ್ತಗಳನ್ನು ಎಳೆದು, ಯಾವ ವೃತ್ತವನ್ನು ಎಷ್ಟು ಕೊಂಬೆಗಳು ದಾಟುತ್ತವೆ ಎಂದು ಎಣಿಸಬೇಕು. ಒಂದು ಕೋಶವಾದ ಮೇಲೆ ಇನ್ನೊಂದು, ಒಂದು ಇಲಿಯಾದ ಮೇಲೆ ಇನ್ನೊಂದು. ಬಿದರಿ ತಟ್ಟೆಯ ಮೇಲೆ ಎಳೆ ಎಳೆಯಾಗಿ ಬೆಳ್ಳಿ ಕೂಡಿಸುವಷ್ಟೇ ತಾಳ್ಮೆ ಇದಕ್ಕೂ ಬೇಕು.

ಭಯದ ಕೊಂಬೆ

ಹಿತಕ್ಕೆ ನರಕೋಶ ಚಿಗುರುವುದಾದರೆ ನೋವಿಗೆ, ಭಯಕ್ಕೆ ಏನಾಗುತ್ತದೆ? ಇದಕ್ಕೆ ಉತ್ತರ ಬಂದದ್ದು ಬೆಂಗಳೂರಿನ ಇನ್ನೊಂದು ಸಂಸ್ಥೆಯಿಂದ. ಒಬೈದ್ ಸಿದ್ದೀಖಿ ಕಟ್ಟಿ ಬೆಳೆಸಿದ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರ ಜಿ.ಕೆ.ವಿ.ಕೆ. ಆವರಣದಲ್ಲಿದೆ. ಭೌತಶಾಸ್ತ್ರ ಓದಿ ನರವಿಜ್ಞಾನಕ್ಕೆ ಬಂದ ಸುಮಂತ್ರ ಚಟರ್ಜಿ ಅಲ್ಲಿ ಒತ್ತಡ ಮತ್ತು ನರಕೋಶದ ಸಂಬಂಧವನ್ನು ಕೈಗೆತ್ತಿಕೊಂಡರು. 2002ರಲ್ಲಿ ಅಜಯ್ ವ್ಯಾಸ್, ರೂಪ್ಶಿ ಮಿತ್ರ, ಶಂಕರನಾರಾಯಣ ರಾವ್ ಮತ್ತು ಚಟರ್ಜಿ ಪ್ರಕಟಿಸಿದ ಪ್ರಬಂಧವನ್ನು ಜಗತ್ತಿನಾದ್ಯಂತ ವಿಜ್ಞಾನಿಗಳು ಉಲ್ಲೇಖಿಸುತ್ತ ಬಂದಿದ್ದಾರೆ.

ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಇಲಿಗಳನ್ನು ಅಲುಗಾಡಲಾಗದಂತೆ ಹಿಡಿದಿಟ್ಟರು. ಹಿಪ್ಪೊಕ್ಯಾಂಪಸ್‌ನಲ್ಲಿ ಕೊಂಬೆಗಳು ಮೊಟಕಾದವು. ಇದು ಅಮೆರಿಕದ ಬ್ರೂಸ್ ಮೆಕ್ಯೂವನ್ ಅವರ ತಂಡ ಮೊದಲೇ ತೋರಿಸಿದ್ದ ಫಲಿತಾಂಶ. ಹೊಸತು ಬಂದದ್ದು ಅಮಿಗ್ಡಲದಿಂದ. ಬಾದಾಮಿಯ ಆಕಾರದ ಈ ಭಾಗ ಭಯದ ಅನುಭವಕ್ಕೂ ಭಯದ ನೆನಪಿಗೂ ಮುಖ್ಯವಾದದ್ದು. ಅಲ್ಲಿ ಕೊಂಬೆಗಳು ಮೊಟಕಾಗಲಿಲ್ಲ, ಬೆಳೆದವು. ಕಲಿಕೆಗೆ, ನೆನಪಿಗೆ ಬೇಕಾದ ಮರ ಬಾಡುವ ಹೊತ್ತಿನಲ್ಲೇ ಭಯದ ಮರ ಚಿಗುರುತ್ತಿತ್ತು.

ಎರಡು ವರ್ಷಗಳ ನಂತರ, 2004ರಲ್ಲಿ, ಅದೇ ಪ್ರಯೋಗಾಲಯ ಇನ್ನೊಂದು ಪ್ರಶ್ನೆ ಕೇಳಿತು. ಒತ್ತಡ ನಿಂತ ಮೇಲೆ ಏನಾಗುತ್ತದೆ? ಇಲಿಗಳಿಗೆ 21 ದಿನ ನೆಮ್ಮದಿಯಾಗಿರಲು ಬಿಟ್ಟು ನೋಡಿದರು. ಹಿಪ್ಪೊಕ್ಯಾಂಪಸ್‌ನ ಕೊಂಬೆಗಳು ಮೊದಲಿನಂತಾಗಿದ್ದವು. ಅಮಿಗ್ಡಲದಲ್ಲಿ ಬೆಳೆದ ಕೊಂಬೆಗಳು ಮಾತ್ರ ಹಾಗೆಯೇ ಉಳಿದಿದ್ದವು. 2005ರಲ್ಲಿ ಮೆಕ್ಯೂವನ್ ಅವರೊಂದಿಗೆ ಸೇರಿ ಪ್ರಕಟಿಸಿದ ಮತ್ತೊಂದು ಪ್ರಬಂಧ ಇದಕ್ಕಿಂತಲೂ ಕಳವಳಕಾರಿಯಾಗಿತ್ತು. ಒಂದೇ ಒಂದು ಬಾರಿ, ಎರಡು ಗಂಟೆ ಮಾತ್ರ ಒತ್ತಡಕ್ಕೆ ಒಳಗಾದ ಇಲಿಗಳಲ್ಲಿ ಮರುದಿನ ಯಾವ ಬದಲಾವಣೆಯೂ ಕಾಣಲಿಲ್ಲ. ಹತ್ತು ದಿನಗಳ ನಂತರ ನೋಡಿದಾಗ ಅಮಿಗ್ಡಲದ ಕೊಂಬೆಗಳ ಮೇಲೆ ಹೊಸ ಮುಳ್ಳುಗಳು ಮೂಡಿದ್ದವು. ಘಟನೆ ಮುಗಿದು, ಎಲ್ಲರೂ ಮರೆತ ಮೇಲೆ ಮಿದುಳು ಅದನ್ನು ಬರೆದುಕೊಂಡಿತ್ತು.

ಇತ್ತ ನಿಮ್ಹಾನ್ಸ್‌ನಲ್ಲಿ ರಾಜು ಮತ್ತು ಶಂಕರನಾರಾಯಣ ರಾವ್ ಅವರ ತಂಡ ದುರಸ್ತಿಯ ದಾರಿ ಹುಡುಕುತ್ತಿತ್ತು. ಒತ್ತಡದಿಂದ ಮೊಟಕಾದ ಹಿಪ್ಪೊಕ್ಯಾಂಪಸ್ ಕೊಂಬೆಗಳು ಹಿತಾನುಭವದಿಂದ ಮತ್ತೆ ಬೆಳೆಯುತ್ತವೆ, ದಾರಿ ನೆನಪಿಡುವ ಶಕ್ತಿಯೂ ಮರಳುತ್ತದೆ ಎಂದು 2008ರಲ್ಲಿ ಅವರು ವರದಿ ಮಾಡಿದರು. ಆಟಿಕೆ ಮತ್ತು ಸಂಗಾತಿಗಳಿರುವ ಪಂಜರದಲ್ಲಿ ಇಟ್ಟರೂ ಒತ್ತಡಕ್ಕೆ ಸಿಕ್ಕ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ಕೋಶಗಳ ಹುಟ್ಟು ಮತ್ತು ಉಳಿವು ಚೇತರಿಸುತ್ತದೆ ಎಂದು 2009ರಲ್ಲಿ ತೋರಿಸಿದರು.

ಮಗುವಿನ ಮಿದುಳು

ಇಲಿ ಮನುಷ್ಯನಲ್ಲ. ಪಂಜರದ ಹತ್ತು ದಿನವನ್ನು ಮಗುವಿನ ಬಾಳಿಗೆ ನೇರವಾಗಿ ಹೋಲಿಸಲಾಗದು. ಆದರೆ ಮನುಷ್ಯರ ಬಗ್ಗೆ ಪ್ರತ್ಯೇಕವಾಗಿ ತಿಳಿದುಬಂದಿರುವ ಸಂಗತಿಗಳೂ ಇದೇ ದಿಕ್ಕಿನಲ್ಲಿವೆ.

ಹುಟ್ಟಿದ ಮಗುವಿನ ಮಿದುಳು ದೊಡ್ಡವರ ಮಿದುಳಿನ ಸುಮಾರು ಕಾಲು ಭಾಗದಷ್ಟಿರುತ್ತದೆ. ಎರಡು ವರ್ಷ ತುಂಬುವ ಹೊತ್ತಿಗೆ ಮುಕ್ಕಾಲು ಭಾಗವನ್ನು ದಾಟಿರುತ್ತದೆ. ಈ ಬೆಳವಣಿಗೆಯಲ್ಲಿ ಹೊಸ ನರಕೋಶಗಳ ಪಾಲು ಕಡಿಮೆ. ಹೆಚ್ಚುವುದು ಕೊಂಬೆಗಳು, ತಂತುಗಳ ಹೊದಿಕೆ ಮತ್ತು ಸಂಪರ್ಕಗಳು. ಬಳಕೆಯಾದ ಸಂಪರ್ಕ ಗಟ್ಟಿಯಾಗುತ್ತದೆ, ಬಳಕೆಯಾಗದ್ದು ಕ್ರಮೇಣ ಕಳಚಿಹೋಗುತ್ತದೆ.

ಮೊದಲ ಬುನಾದಿ ಗರ್ಭದಲ್ಲೇ ಬೀಳುತ್ತದೆ. ಗರ್ಭ ಕಟ್ಟಿದ ನಾಲ್ಕೇ ವಾರಗಳಲ್ಲಿ ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರನಾಳ ಮುಚ್ಚಿಕೊಳ್ಳುತ್ತದೆ. ತಾನು ಬಸುರಿ ಎಂದು ಎಷ್ಟೋ ಹೆಂಗಸರಿಗೆ ಆಗಿನ್ನೂ ತಿಳಿದಿರುವುದಿಲ್ಲ. ಫೋಲಿಕ್ ಆಮ್ಲವೆಂಬ ಜೀವಸತ್ವ ಮೊದಲೇ ದೇಹಕ್ಕೆ ಸಿಕ್ಕರೆ ನರನಾಳದ ದೋಷಗಳನ್ನು ಬಹುಪಾಲು ತಡೆಯಬಹುದೆಂದು 1991ರಲ್ಲಿ ಬ್ರಿಟನ್ ನೇತೃತ್ವದ ದೊಡ್ಡ ಅಧ್ಯಯನ ಸಾಬೀತುಪಡಿಸಿತು. ಅಯೋಡಿನ್ ಕೊರತೆಯಾದರೆ ತಾಯಿಯ ಥೈರಾಯ್ಡ್ ಗ್ರಂಥಿ ಸೊರಗಿ ಮಗುವಿನ ನರಕೋಶಗಳ ಬೆಳವಣಿಗೆ ಕುಂಠಿತವಾಗುತ್ತದೆ. ಭಾರತದಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1950ರ ದಶಕದಲ್ಲಿ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸಿ ಹಂಚಿ, ಗಳಗಂಡ ಕಡಿಮೆಯಾಗುವುದನ್ನು ತೋರಿಸಿದರು. 1962ರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮಕ್ಕೆ ಅದೇ ಬುನಾದಿ. ಇಂದು ಔರಾದ್‌ನ ಕಿರಾಣಿ ಅಂಗಡಿಯ ಉಪ್ಪಿನ ಪೊಟ್ಟಣದ ಮೇಲೂ ಅಯೋಡಿನ್ ಎಂಬ ಮಾತು ಇರುವುದಕ್ಕೆ ಕಾರಣ ಆ ಕಣಿವೆಯ ಕೆಲಸ.

ಅನ್ನದಷ್ಟೇ ಅಗತ್ಯ ಅಕ್ಕರೆ. ರುಮೇನಿಯದಲ್ಲಿ ಚೌಸೆಸ್ಕು ಆಡಳಿತದ ಕಾಲದಿಂದ ಸಾವಿರಾರು ಮಕ್ಕಳು ಅನಾಥಾಲಯಗಳಲ್ಲಿದ್ದರು. ಊಟ ಸಿಗುತ್ತಿತ್ತು, ಎತ್ತಿಕೊಳ್ಳುವ ಕೈಗಳಿರಲಿಲ್ಲ. 2000ದಲ್ಲಿ ಅಮೆರಿಕದ ವಿಜ್ಞಾನಿಗಳು ಬುಖಾರೆಸ್ಟ್‌ನಲ್ಲಿ ಇಂಥ 136 ಮಕ್ಕಳ ಅಧ್ಯಯನ ಆರಂಭಿಸಿದರು. ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಒಪ್ಪಿಸಲಾಯಿತು. ಮನೆ ಸಿಕ್ಕ ಮಕ್ಕಳ ಬುದ್ಧಿ ಬೆಳವಣಿಗೆ ಅನಾಥಾಲಯದಲ್ಲೇ ಉಳಿದವರಿಗಿಂತ ಚೆನ್ನಾಗಿತ್ತು. ಅದರಲ್ಲೂ ಎರಡು ವರ್ಷದೊಳಗೆ ಮನೆ ಸೇರಿದವರಿಗೆ ಹೆಚ್ಚಿನ ಲಾಭವಾಯಿತು. ಭಾಲ್ಕಿಯವರಿಗೆ ಈ ಮಾತು ಹೊಸದೆನಿಸದು. ಹೆತ್ತವರಿಲ್ಲದ ಮಕ್ಕಳನ್ನು ಸಾಕಿ ಬೆಳೆಸುವ ಕೆಲಸಕ್ಕೆ ಅಲ್ಲಿನ ಹಿರೇಮಠ ಸಂಸ್ಥಾನ ಹೆಸರಾಗಿದೆ. ಹೊಟ್ಟೆ ತುಂಬಿದರೆ ಸಾಲದು, ತನ್ನವರೆನ್ನುವವರು ಬೇಕು ಎಂಬ ಹಿರಿಯರ ತಿಳಿವಳಿಕೆಗೆ ವಿಜ್ಞಾನ ತಡವಾಗಿ ಅಂಕಿಅಂಶ ಒದಗಿಸಿದೆ.

ನಾಲ್ಕು ಭಾಷೆಯ ನೆಲ

ಬೀದರ್ ಜಿಲ್ಲೆಯ ಮಕ್ಕಳಿಗೆ ಇನ್ನೊಂದು ಸಂಪತ್ತು ಇದೆ. ಅದನ್ನು ಸಂಪತ್ತೆಂದು ಎಣಿಸುವವರು ಕಡಿಮೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ನೆಲದಲ್ಲಿ ಮನೆಯಲ್ಲೊಂದು, ಬಜಾರಿನಲ್ಲೊಂದು, ಶಾಲೆಯಲ್ಲೊಂದು ಭಾಷೆ ಕಿವಿಗೆ ಬೀಳುತ್ತದೆ. ಔರಾದ್, ಭಾಲ್ಕಿ ಕಡೆ ಕನ್ನಡದ ಜೊತೆ ಮರಾಠಿ, ಬೀದರ್ ನಗರದಲ್ಲಿ ದಖ್ಖನಿ ಉರ್ದು, ಗಡಿಯತ್ತ ಸಾಗಿದರೆ ತೆಲುಗು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಕಥೆ ಇಲ್ಲಿ ಮನೆಮಾತು. ಭಾಷೆಗಾಗಿ ಹೋರಾಡಿದ ಜನರೇ ಹಲವು ಭಾಷೆಗಳ ನಡುವೆ ಬಾಳಿದರು.

ಹೀಗೆ ಬಾಳುವುದರಿಂದ ಮಿದುಳಿಗೆ ಆಗುವುದೇನು? ನೆರೆಯ ಹೈದರಾಬಾದ್‌ನ ನಿಮ್ಸ್ ಆಸ್ಪತ್ರೆಯಲ್ಲಿ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆಗುಳಿ ರೋಗಕ್ಕೆ ತುತ್ತಾದ 648 ಮಂದಿಯನ್ನು ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಕಾಣಿಸಿಕೊಂಡದ್ದು ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ಅಂತರ ಇತ್ತು ಎಂಬುದೇ ಗಮನಾರ್ಹ. ಅಂದರೆ ಇದು ಓದಿನ ಫಲವಷ್ಟೇ ಅಲ್ಲ. ಬೇರೆ ದೇಶಗಳ ಎಲ್ಲ ಅಧ್ಯಯನಗಳಲ್ಲೂ ಇದೇ ಫಲಿತಾಂಶ ಬಂದಿಲ್ಲವಾದ್ದರಿಂದ ಚರ್ಚೆ ಮುಗಿದಿಲ್ಲ. ಅಲ್ಲಾಡಿ ಅವರು ನಂತರ ನಿಮ್ಹಾನ್ಸ್ ಸೇರಿ ಈ ಕೆಲಸ ಮುಂದುವರಿಸಿದರು. ಮಗು ಅಂಗಳದಲ್ಲಿ ಮರಾಠಿ, ಬೀದಿಯಲ್ಲಿ ಉರ್ದು ಕಲಿತರೆ ಕನ್ನಡ ಕೆಡುತ್ತದೆ ಎಂದು ಹೆದರುವ ಪಾಲಕರು ಈ ಅಧ್ಯಯನದ ಬಗ್ಗೆ ತಿಳಿಯುವುದು ಒಳ್ಳೆಯದು.

ಬೆತ್ತದ ಬೆಲೆ

ಬೆಂಗಳೂರಿನ ಪ್ರಯೋಗಗಳು ಹೇಳುವ ಮಾತು ಸರಳವಾಗಿದೆ. ಮಿದುಳು ಒಮ್ಮೆ ಎರಕ ಹೊಯ್ದರೆ ಮುಗಿಯುವ ಪಾತ್ರೆಯಲ್ಲ. ಅದು ದಿನವೂ ಬೆಳೆಯುವ, ದಿನವೂ ಬಾಡುವ ಗಿಡ. ಅದಕ್ಕೆ ಏನು ಸಿಗುತ್ತದೆಯೋ ಅದರಂತೆ ಕೊಂಬೆ ಬಿಡುತ್ತದೆ.

ಹೀಗಿರುವಾಗ ತರಗತಿಯ ಬೆತ್ತದ ಲೆಕ್ಕವನ್ನು ಬೇರೆಯಾಗಿ ಹಾಕಬೇಕಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಕೊಡುವುದನ್ನು ನಿಷೇಧಿಸಿದೆ. ಆದರೂ 'ಪೆಟ್ಟು ತಿಂದರೆ ವಿದ್ಯೆ ಹತ್ತುತ್ತದೆ' ಎಂಬ ನಂಬಿಕೆ ಹಳ್ಳಿಯಲ್ಲೂ ನಗರದಲ್ಲೂ ಹೋಗಿಲ್ಲ. ಇಲಿಗಳ ಸಾಕ್ಷ್ಯ ಈ ನಂಬಿಕೆಗೆ ತೀರಾ ವಿರುದ್ಧವಾಗಿದೆ. ಭಯದಿಂದ ಬಾಡಿದ್ದು ಕಲಿಕೆಯ ಕೊಂಬೆ, ಬೆಳೆದದ್ದು ಭಯದ್ದೇ ಕೊಂಬೆ. ಕಲಿಕೆಯದು ಮೂರು ವಾರಗಳಲ್ಲಿ ಚೇತರಿಸಿಕೊಂಡಿತು, ಭಯದ್ದು ಉಳಿದುಕೊಂಡಿತು. ಹೊಡೆದವರಿಗೆ ಮರುದಿನ ಮರೆತುಹೋಗಬಹುದು. ಹೊಡೆಸಿಕೊಂಡ ಮಗು ಮರುದಿನ ಎಂದಿನಂತೆ ಶಾಲೆಗೆ ಬಂದು ಕೂತಿತೆಂದ ಮಾತ್ರಕ್ಕೆ ಏನೂ ಆಗಿಲ್ಲವೆಂದು ತಿಳಿಯುವಂತಿಲ್ಲ.

ಅಷ್ಟೇ ಮುಖ್ಯವಾದ ಇನ್ನೊಂದು ಮುಖವನ್ನೂ ಮರೆಯಬಾರದು. ನಿಮ್ಹಾನ್ಸ್‌ನ ಇಲಿಗಳು ಹಿತ, ಆಟ ಮತ್ತು ಸಂಗಾತಿಗಳಿಂದ ಚೇತರಿಸಿಕೊಂಡವು. 1975ರಲ್ಲಿ ಆರಂಭವಾದ ಅಂಗನವಾಡಿ ಯೋಜನೆಯನ್ನು ಮೊಟ್ಟೆ, ಹಾಲು, ಬೇಳೆಯ ಲೆಕ್ಕದಲ್ಲೇ ಅಳೆಯುವ ರೂಢಿಯಿದೆ. ಆ ಲೆಕ್ಕ ಬೇಕೇ ಬೇಕು. ಆದರೆ ಅದೇ ಕೋಣೆಯ ಹಾಡು, ಕುಣಿತ, ಬಣ್ಣದ ಗೋಲಿ, ಕಥೆ ಹೇಳುವ ಕಾರ್ಯಕರ್ತೆ ಇವು ಊಟಕ್ಕೆ ಮುಂಚಿನ ಕಾಲಕ್ಷೇಪವಲ್ಲ. ಮೂರು ವರ್ಷದ ಮಗುವಿನ ನರಕೋಶಕ್ಕೆ ಅವೂ ಆಹಾರವೇ. ಔರಾದ್‌ನ ಯಾವುದೋ ತಾಂಡಾದ ಅಂಗನವಾಡಿಯಲ್ಲಿ ಮಕ್ಕಳು ಗದ್ದಲ ಮಾಡುತ್ತ ಆಡುತ್ತಿದ್ದರೆ, ಅಲ್ಲಿ ಪಾಠ ನಡೆಯುತ್ತಿಲ್ಲ ಎಂದು ಯಾರೂ ಭಾವಿಸಬೇಕಾಗಿಲ್ಲ.